ಲೂಪಸ್ ಮತ್ತು ರಕ್ತನಾಳ: ತುಮಕೂರು ಜಿಲ್ಲೆಯ ತಪಾಸಣಾ ಪಟ್ಟಿ ಕೇಳದ ಪ್ರಶ್ನೆ

ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆ ಇರುವವರಿಗೆ ಹೃದಯಾಘಾತ ಎಳೆ ವಯಸ್ಸಿನಲ್ಲೇ ಬರಬಹುದೆಂಬುದು ಈಗ ವಿವಾದವಲ್ಲ. ರೋಗದ ಮೊದಲ ವರ್ಷಗಳಲ್ಲಿ ಸೋಂಕು ಮತ್ತು ರೋಗದ ಉಲ್ಬಣ, ಬಹುಕಾಲದ ನಂತರ ಹೃದಯಾಘಾತ ಎಂಬ ಸಾವಿನ ಎರಡು ಘಟ್ಟಗಳನ್ನು ಟೊರಾಂಟೊದ ಯುರೊವಿಟ್ಸ್ ತಂಡ 1976ರಲ್ಲೇ ಗುರುತಿಸಿತ್ತು. 2003ರಲ್ಲಿ ಸಂಶೋಧಕಿ ರೋಮನ್ ಅವರ ತಂಡ ಕತ್ತಿನ ಅಪಧಮನಿಗಳನ್ನು ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷಿಸಿದಾಗ ಲೂಪಸ್ ರೋಗಿಗಳಲ್ಲಿ ಶೇ 37ರಷ್ಟು ಮಂದಿಗೆ ಪ್ಲಾಕ್ (ನಾಳದ ಗೋಡೆಯಲ್ಲಿ ಕೊಬ್ಬಿನ ಶೇಖರಣೆ) ಇತ್ತು. ಲೂಪಸ್ ಇಲ್ಲದವರಲ್ಲಿ ಶೇ 15.

ತಕರಾರಿರುವುದು ‘ಐವತ್ತು ಪಟ್ಟು’ ಎಂಬ ಮಾತಿನ ಬಗ್ಗೆ. 1997ರಲ್ಲಿ ಮ್ಯಾಂಜಿ ತಂಡ ಪಿಟ್ಸ್‌ಬರ್ಗ್‌ನ 498 ಲೂಪಸ್ ಮಹಿಳೆಯರನ್ನು ಫ್ರಾಮಿಂಗ್‌ಹ್ಯಾಮ್ ಸಂತತಿ ಅಧ್ಯಯನದ ಮಹಿಳೆಯರೊಂದಿಗೆ ಹೋಲಿಸಿತು. 35ರಿಂದ 44ರ ವಯೋಮಾನದಲ್ಲಿ ಹೃದಯಾಘಾತದ ಸಂಭವ ಐವತ್ತು ಪಟ್ಟಿಗಿಂತ ಹೆಚ್ಚು ಎಂದು ಕಂಡುಬಂತು. ಆ ವಯಸ್ಸಿನ ಆರೋಗ್ಯವಂತ ಮಹಿಳೆಯರಿಗೆ ಹೃದಯಾಘಾತವಾಗುವುದೇ ಅಪರೂಪ. ಭಾಜಕ ಅಷ್ಟು ಚಿಕ್ಕದಾದರೆ ಭಾಗಲಬ್ಧ ಹಿಗ್ಗದೆ ಏನು ಮಾಡೀತು? ಅನಿಶ್ಚಿತತೆಯ ವ್ಯಾಪ್ತಿಯೂ ಸುಮಾರು 22ರಿಂದ 98 ಪಟ್ಟಿನವರೆಗೆ ಹರಡಿದೆ. ಹೆದರಿಸಲು ಈ ಸಂಖ್ಯೆ ಸಾಕು, ಚಿಕಿತ್ಸೆ ನಿರ್ಧರಿಸಲು ಸಾಲದು.

ಹಾಗೆಂದು ಅಪಾಯ ಸುಳ್ಳಲ್ಲ. ಬಿಪಿ, ಕೊಲೆಸ್ಟರಾಲ್, ಧೂಮಪಾನ ಮುಂತಾದ ರೂಢಿಯ ಕಾರಣಗಳನ್ನು ಕಳೆದ ಮೇಲೂ ಹೆಚ್ಚಿನ ಅಪಾಯ ಉಳಿಯುತ್ತದೆಂದು ಕೆನಡಾದ ಎಸ್‌ಡೈಲ್ ತಂಡ 2001ರಲ್ಲಿ ತೋರಿಸಿತು. ನಮ್ಮ ತಪಾಸಣಾ ಪಟ್ಟಿಗೆ ಕಾಣದಿರುವುದು ಈ ಉಳಿಕೆಯೇ. ಗುಬ್ಬಿಯಲ್ಲಾಗಲಿ ಕುಣಿಗಲ್‌ನಲ್ಲಾಗಲಿ ಆಶಾ ಕಾರ್ಯಕರ್ತೆ ತುಂಬಿಸುವ, ಅಸಾಂಕ್ರಾಮಿಕ ರೋಗಗಳ ಸಿ-ಬ್ಯಾಕ್ ತಪಾಸಣಾ ನಮೂನೆ 30 ದಾಟಿದವರಿಗೆ ಮೀಸಲು. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಕುಟುಂಬದ ಹಿನ್ನೆಲೆ ಇವಕ್ಕೆ ಅಂಕ. ಮೊತ್ತ 4 ಮೀರಿದವರನ್ನು ಮೊದಲು ಕರೆಸಬೇಕು. ಹೊಲದಲ್ಲಿ ದುಡಿಯುವ, ಸೊಂಟ 80 ಸೆಂ.ಮೀ. ಮೀರದ, ಯಾವ ಚಟವೂ ಇಲ್ಲದ, ಮನೆತನದಲ್ಲಿ ಬಿಪಿ-ಶುಗರ್ ಇಲ್ಲದ 34ರ ಲೂಪಸ್ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಅವರಿಗೆ ಸಿಗುವುದು 1 ಅಂಕ. ಇಪ್ಪತ್ತೆಂಟರವರಾದರೆ ನಮೂನೆಯೇ ಇಲ್ಲ. ಲೂಪಸ್ ಹೆಚ್ಚಾಗಿ ಶುರುವಾಗುವುದೋ ಹೆರಿಗೆಯ ವಯಸ್ಸಿನಲ್ಲಿ.

ಪಟ್ಟಿಗೆ ಸೇರಬೇಕಾದ ಪ್ರಶ್ನೆ ಯಾವುದು? ಲೂಪಸ್‌ಗೆ ಕೊಡುವ ‘ಸ್ಟೀರಾಯ್ಡ್ ದಿನಕ್ಕೆ ಎಷ್ಟು ಮಿಲಿಗ್ರಾಂ?’ ಎಂಬುದೇ ಎಂದು ನನ್ನ ವಾದ. ಬಾಲ್ಟಿಮೋರ್‌ನ ಮ್ಯಾಗ್ಡರ್ ಮತ್ತು ಪೆಟ್ರಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ದಿನಕ್ಕೆ 20 ಮಿ.ಗ್ರಾಂ. ಅಥವಾ ಹೆಚ್ಚು ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ನುಂಗುತ್ತಿದ್ದವರಲ್ಲಿ ಹೃದಯ-ರಕ್ತನಾಳದ ಅವಘಡಗಳು ಸುಮಾರು ಐದು ಪಟ್ಟು. ಇಲ್ಲಿ ಕೆಲವು ಎಚ್ಚರಿಕೆಗಳು ಬೇಕು. ಹೆಚ್ಚಿನ ಡೋಸ್ ಬೀಳುವುದು ರೋಗ ಕೆರಳಿದವರಿಗೇ. ರೋಗದ ತೀವ್ರತೆಯನ್ನು ಲೆಕ್ಕದಲ್ಲಿ ಸರಿದೂಗಿಸಿದರೂ ಅದರ ಪ್ರಭಾವ ಪೂರ್ತಿ ಕಳೆದುಹೋಗದು. ಸಂಶೋಧನೆಗೆ ಒಳಗಾದವರು ಅಮೆರಿಕದ ರೋಗಿಗಳು, ನಮ್ಮವರಲ್ಲ. ಉರಿಯೂತವನ್ನು ತಣಿಸುವ ಮೂಲಕ ಸ್ಟೀರಾಯ್ಡ್ ರಕ್ತನಾಳದ ಒಳಪದರವನ್ನು ಕಾಯುವುದೂ ಸಾಧ್ಯ. ಆದರೂ ಈ ಪ್ರಶ್ನೆಯನ್ನೇ ಆರಿಸುತ್ತೇನೆ: ಲೂಪಸ್‌ನಲ್ಲಿ ರಕ್ತನಾಳಕ್ಕೆ ಹಾನಿ ಮಾಡುವುದೆಂದು ಶಂಕಿಸಲಾದ ಇಂಟರ್‌ಫೆರಾನ್ ಎಂಬ ಪ್ರೋಟೀನಿನ ಅಳತೆ ತಾಲ್ಲೂಕು ಆಸ್ಪತ್ರೆಯ ಕೈಗೆ ಸಿಗದು, ಮಾತ್ರೆಯ ಚೀಟಿ ಸಿಗುತ್ತದೆ. ಯೂರೋಪಿನ ರುಮಟಾಲಜಿ ಒಕ್ಕೂಟದ 2023ರ ಶಿಫಾರಸೂ ದೀರ್ಘಕಾಲದ ಡೋಸ್ ದಿನಕ್ಕೆ 5 ಮಿ.ಗ್ರಾಂ. ಮೀರದಿರಲಿ ಎನ್ನುತ್ತದೆ.

ಅಪರೂಪದ ರೋಗಕ್ಕೆ ನಮೂನೆ ತಿದ್ದಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದು. ದೆಹಲಿ ಸಮೀಪದ ಗ್ರಾಮೀಣ ಸಮೀಕ್ಷೆ 1993ರಲ್ಲಿ ಕೊಟ್ಟ ಲಕ್ಷಕ್ಕೆ 3.2 ಎಂಬ ದರವನ್ನು ಒಪ್ಪಿದರೆ, 2011ರ ಜನಗಣತಿಯ ಸುಮಾರು 26.8 ಲಕ್ಷ ಜನರ ತುಮಕೂರು ಜಿಲ್ಲೆಗೆ ಬರುವುದು ಎಂಬತ್ತೈದರ ಆಸುಪಾಸು. ಇಷ್ಟು ಮಂದಿಗಾಗಿ ನಮೂನೆ ಬದಲಾಗಬೇಕಿಲ್ಲ, ಬಿಪಿ ಕಾರ್ಡಿನಲ್ಲಿ ಒಂದು ಸಾಲು ಸಾಕು.

ಡೋಸ್ ಇಳಿಸಿದ್ದರಿಂದಲೇ ಹೃದಯಾಘಾತ ತಪ್ಪುತ್ತದೆಯೇ ಎಂಬುದು ದೀರ್ಘಾವಧಿಯ ಪ್ರಯೋಗಗಳಿಂದಲೇ ಇತ್ಯರ್ಥವಾಗಬೇಕು. ಅಲ್ಲಿಯವರೆಗೆ ಗುಬ್ಬಿ, ಕುಣಿಗಲ್‌ನ ವೈದ್ಯಾಧಿಕಾರಿಗಳು ಲೂಪಸ್ ರೋಗಿಯ ಬಿಪಿ ಜೊತೆ ಡೋಸನ್ನೂ ಬರೆದು, ಚಿಕಿತ್ಸೆ ಕೊಡುತ್ತಿರುವ ತಜ್ಞರಿಗೆ ತಿಳಿಸಲಿ. ರೋಗಿಗಳು ಮಾತ್ರ ತಾವಾಗಿ ಸ್ಟೀರಾಯ್ಡ್ ನಿಲ್ಲಿಸಬಾರದು; ಹಠಾತ್ತನೆ ಬಿಟ್ಟರೆ ಪ್ರಾಣಕ್ಕೇ ಅಪಾಯ.