ಮಳೆ ನಕ್ಷತ್ರಗಳು

ಸೂರ್ಯನು ಪ್ರವೇಶಿಸುವ ನಕ್ಷತ್ರದ ಹೆಸರಿನಿಂದ ಮಳೆಗಾಲವನ್ನು ವಿಭಾಗಿಸುವ ಸಾಂಪ್ರದಾಯಿಕ ಕೃಷಿ ಕಾಲಗಣನೆ. ಕರ್ನಾಟಕದ ರೈತರಲ್ಲಿ ಇಂದಿಗೂ ಬಳಕೆಯಲ್ಲಿದೆ. ಕ್ರಾಂತಿವೃತ್ತದ 27 ನಕ್ಷತ್ರಗಳಲ್ಲಿ ಪ್ರತಿಯೊಂದನ್ನು ದಾಟಲು ಸೂರ್ಯನಿಗೆ ಸುಮಾರು 13–14 ದಿನ ಬೇಕು. ಈ ಅವಧಿಯನ್ನೇ ಒಂದು 'ಮಳೆ' ಎನ್ನುತ್ತಾರೆ.

ಏಪ್ರಿಲ್ ಮಧ್ಯಭಾಗದ ಅಶ್ವಿನಿಯಿಂದ ಗಣನೆ ಆರಂಭ. ಏಪ್ರಿಲ್ ಕೊನೆಯ ಭರಣಿ ಮಳೆ ಮುಂಗಾರು ಪೂರ್ವದ ಉಳುಮೆಗೆ ಹದ ಕೊಡುತ್ತದೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಗಾದೆ ಇದನ್ನೇ ಹೇಳುತ್ತದೆ. ಜೂನ್ 8ರ ಸುಮಾರಿಗೆ ಮೃಗಶಿರಾ (ಆಡುಮಾತಿನಲ್ಲಿ ಮಿರಗ), ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟುತ್ತದೆ. ಪುಷ್ಯ, ಆಶ್ಲೇಷಾ, ಮಘಾ ಮಳೆಗಳು ಜುಲೈ–ಆಗಸ್ಟ್‌ಗೆ ಸೇರಿದವು. ಹಸ್ತಾ, ಚಿತ್ತಾ, ಸ್ವಾತಿ ಹಿಂಗಾರಿನವು; ಉತ್ತರ ಕರ್ನಾಟಕದ ಬಿಳಿಜೋಳ, ಕಡಲೆಗಳಿಗೆ ಇವೇ ಆಧಾರ.

ಪಂಚಾಂಗಗಳು ಪ್ರತಿ ಮಳೆಗೂ ಕಪ್ಪೆ, ಆನೆ, ನರಿ ಮುಂತಾದ ವಾಹನವನ್ನು ಹೇಳಿ, ಅದರಿಂದ ಮಳೆಯ ಪ್ರಮಾಣವನ್ನು ಊಹಿಸುತ್ತವೆ.

ಮಳೆ ನಕ್ಷತ್ರಗಳು ಸೌರಮಾನದವು. ಆದರೆ ರೈತರ ಹಬ್ಬಗಳು ಹೆಚ್ಚಾಗಿ ಚಾಂದ್ರಮಾನದವು. ಎತ್ತುಗಳನ್ನು ಸಿಂಗರಿಸುವ ಕಾರ ಹುಣ್ಣಿಮೆ, ಮಣ್ಣಿನ ಎತ್ತುಗಳನ್ನು ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ, ಹೊಲದಲ್ಲಿ ಚರಗ (ನೈವೇದ್ಯದ ಆಹಾರ) ಚೆಲ್ಲುವ ಸೀಗೆ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಗಳು ಇದರಿಂದಾಗಿ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತವೆ. ಅಧಿಕಮಾಸವು ಈ ಅಂತರವನ್ನು ಸರಿದೂಗಿಸುತ್ತದೆ. ಅಯನಚಲನೆಯಿಂದಾಗಿ (ವಿಷುವದ್ಬಿಂದುಗಳು ನಿಧಾನವಾಗಿ ಸರಿಯುವುದರಿಂದ) ಮಳೆ ಹುಟ್ಟುವ ದಿನಾಂಕಗಳೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತವೆ.