ಬೇಟೆಯ ಅಂಗಿ, ಜಿಂಕೆಯ ಕಣ್ಣು

ಬಂದೂಕು ಹಿಡಿದು ಜಿಂಕೆ ಬೇಟೆಗೆ ಹೋಗುವವರು ಕೆಂಪು ಬಟ್ಟೆ ತೊಡಬೇಕೆಂಬ ನಿಯಮ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1945ರಲ್ಲಿ ಬಂತು. 1980ರಲ್ಲಿ ಕೆಂಪು ಹೋಗಿ ಹೊಳೆಯುವ ಕಿತ್ತಳೆ ಬಣ್ಣ ಕಡ್ಡಾಯವಾಯಿತು. 2016ರಲ್ಲಿ ಕಣ್ಣು ಕುಕ್ಕುವ ಗುಲಾಬಿಗೂ ಒಪ್ಪಿಗೆ ಸಿಕ್ಕಿತು. ಇದೇ ಕಾಲದಲ್ಲಿ ಅದೇ ದೇಶದಲ್ಲಿ ಓಕ್ ಮರದ ತೊಗಟೆ, ಒಣಗಿದ ಎಲೆ, ಕಡ್ಡಿಕಸಗಳನ್ನು ಅಚ್ಚೊತ್ತಿದ ಕ್ಯಾಮೊಫ್ಲಾಜ್ ಬಟ್ಟೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಕಾನೂನು ಎದ್ದು ಕಾಣು ಎನ್ನುತ್ತಿತ್ತು, ಅಂಗಡಿ ಮರೆಯಾಗು ಎನ್ನುತ್ತಿತ್ತು. ಬೇಟೆಗಾರ ಎರಡಕ್ಕೂ ತಲೆಬಾಗಿ, ಮರದ ತೊಗಟೆಯ ಚಿತ್ರವಿರುವ ಅಂಗಿಯ ಮೇಲೆ ಕಿತ್ತಳೆ ಬಣ್ಣದ ತೋಳಿಲ್ಲದ ಕೋಟು ಹಾಕಿಕೊಂಡು ಕಾಡಿಗೆ ಹೋದ. ನೋಡಿದವರಿಗೆ ಇದು ಅರ್ಥವಿಲ್ಲದ ವೇಷ ಅನಿಸಬಹುದು. ಆದರೆ ಬೇಟೆಯುಡುಪಿನ ಚರಿತ್ರೆಯನ್ನು ಮೊದಲಿನಿಂದ ಓದಿಕೊಂಡು ಬಂದರೆ ಈ ವಿರೋಧ ಇರುವುದು ಮನುಷ್ಯನ ಕಣ್ಣಿಗೆ ಮಾತ್ರ ಎಂಬುದು ತಿಳಿಯುತ್ತದೆ. ಜಿಂಕೆಯಿಂದ ಅಡಗಬೇಕಾದವನು ಬಹುಕಾಲ ತನ್ನಂಥ ಇನ್ನೊಬ್ಬ ಮನುಷ್ಯನಿಂದ ಅಡಗುವ ಬಟ್ಟೆಯನ್ನೇ ಆರಿಸಿಕೊಂಡ ಎಂಬುದು ನನ್ನ ವಾದ.

ಬಂದೂಕಿಗೂ ಮೊದಲಿನ ಬೇಟೆಯಿಂದ ಆರಂಭಿಸೋಣ. 1564ರಲ್ಲಿ ಫ್ಲಾರಿಡಾಕ್ಕೆ ಬಂದ ಫ್ರೆಂಚರ ಜೊತೆ ಜಾಕ್ ಲ ಮೊಯ್ನ್ ಎಂಬ ಚಿತ್ರಕಾರನಿದ್ದ. ಅವನ ಚಿತ್ರಗಳನ್ನು ಆಧರಿಸಿದ್ದೆಂದು ಹೇಳಿ ಥಿಯೊಡೋರ್ ದ ಬ್ರೀ 1591ರಲ್ಲಿ ಪ್ರಕಟಿಸಿದ ಕೆತ್ತನೆಗಳಲ್ಲಿ ಒಂದು ಜಿಂಕೆ ಬೇಟೆಯದು. ತಿಮುಕುವಾ ಜನ ತಲೆಸಹಿತ ಇಡೀ ಜಿಂಕೆಯ ಚರ್ಮವನ್ನು ಹೊದ್ದು, ಅದರ ಕಣ್ಣಿನ ತೂತುಗಳಿಂದ ಹೊರಗೆ ನೋಡುತ್ತ, ನೀರು ಕುಡಿಯಲು ಬಂದ ಹಿಂಡಿನತ್ತ ಬಾಗಿಕೊಂಡು ಸಾಗುತ್ತಿದ್ದಾರೆ. ಲ ಮೊಯ್ನ್‌ನ ಮೂಲ ಚಿತ್ರಗಳು ಬಹುಪಾಲು ಉಳಿದಿಲ್ಲ, ದ ಬ್ರೀ ತನ್ನ ಕಲ್ಪನೆಯನ್ನೂ ಸೇರಿಸಿರಬಹುದು, ಆದ್ದರಿಂದ ಈ ಕೆತ್ತನೆಯನ್ನು ಪುರಾವೆಯಾಗಿ ಎತ್ತಿಕೊಳ್ಳಬಾರದು ಎಂದು ಹೇಳುವ ವಿದ್ವಾಂಸರಿದ್ದಾರೆ. ಆ ಎಚ್ಚರ ನ್ಯಾಯವಾದದ್ದೇ. ಆದರೆ ಅಲ್ಲಿಂದ ದೂರದ ವರ್ಜೀನಿಯಾದಲ್ಲಿ ಪೌಹಾಟನ್ ಜನರ ಬಗ್ಗೆ ಇಂಗ್ಲಿಷ್ ವಲಸಿಗ ಜಾನ್ ಸ್ಮಿತ್ 1612ರಲ್ಲಿ ಬರೆದದ್ದೂ ಇದೇ ಪದ್ಧತಿ: ಒಂಟಿ ಬೇಟೆಗಾರ ಜಿಂಕೆಯ ಚರ್ಮವನ್ನು ತೋಳಿಗೆ ತೊಟ್ಟು, ಒಳಗೆ ತುಂಬಿ ನಿಜವಾದಂತೆ ಮಾಡಿದ ಅದರ ತಲೆಯನ್ನು ಕೈಯಿಂದ ಆಡಿಸುತ್ತ ಸಮೀಪಿಸುತ್ತಿದ್ದ. ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳು ತೋಳದ ಚರ್ಮ ಹೊದ್ದು ಕಾಡೆಮ್ಮೆಯ ಹಿಂಡಿನತ್ತ ತೆವಳುವುದನ್ನು ಜಾರ್ಜ್ ಕ್ಯಾಟ್ಲಿನ್ 1830ರ ದಶಕದ ಆರಂಭದಲ್ಲಿ ಚಿತ್ರಿಸಿದ. ನಮ್ಮ ಕಡೆಯೂ ಇದಕ್ಕೆ ಸಮೀಪದ ಉಪಾಯವಿತ್ತು. ಬೇಟೆಗಾರ ಸಮುದಾಯವಾದ ಪಾರ್ಧಿಗಳಲ್ಲಿ ಒಂದು ಪಂಗಡದವರು ಪಳಗಿದ ಎತ್ತಿನ ಮರೆಯಲ್ಲಿ ನಡೆದು ಬೇಟೆಯ ಹತ್ತಿರ ಹೋಗುತ್ತಿದ್ದರು. ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ ಕಾಡಿನ ಮೃಗವನ್ನು ಸೆಳೆಯಲು ಬಳಸುವ ದೀವದ ಮಿಗ ಬರುತ್ತದೆ.

ಈ ಯಾವ ಪದ್ಧತಿಯಲ್ಲೂ ಬೇಟೆಗಾರ ಗಿಡದ ಬಣ್ಣ ಬಳಿದುಕೊಂಡು ಗಿಡದಂತೆ ಕಾಣಲು ಹೊರಟಿಲ್ಲ. ಜಿಂಕೆ ಯಾವುದಕ್ಕೆ ಹೆದರುತ್ತದೆ ಎಂಬುದನ್ನು ಅವರು ಮೊದಲು ತಿಳಿದುಕೊಂಡಿದ್ದರು. ಎರಡು ಕಾಲ ಮೇಲೆ ನೇರ ನಿಂತ ಆಕಾರ, ತಲೆ ಮತ್ತು ಹೆಗಲು ಸೇರುವ ಗೆರೆ, ನೇರವಾಗಿ ತನ್ನತ್ತಲೇ ಬರುವ ನಡಿಗೆ, ಇವು ಅದನ್ನು ಓಡಿಸುತ್ತವೆ. ಮೇಯುತ್ತ, ನಿಲ್ಲುತ್ತ, ತಲೆಯೆತ್ತಿ ಮತ್ತೆ ತಗ್ಗಿಸುತ್ತ ಬರುವ ನಾಲ್ಕು ಕಾಲಿನ ಪ್ರಾಣಿ ಓಡಿಸುವುದಿಲ್ಲ. ಹಾಗಾಗಿ ಅವರ ಮರೆ ಇದ್ದದ್ದು ಆಕಾರದಲ್ಲಿ ಮತ್ತು ಚಲನೆಯಲ್ಲಿ. ಇದನ್ನು ಬಡವರ ಉಪಾಯವೆಂದು ಬದಿಗಿಡುವುದು ತಪ್ಪು. ಮುಂದೆ ಪ್ರಯೋಗಾಲಯ ಬಹಳ ತಡವಾಗಿ ತಲುಪಿದ ನಿರ್ಣಯದ ಹೆಚ್ಚಿನ ಪಾಲು ಇವರ ಕೈಯಲ್ಲಿ ಆಗಲೇ ಇತ್ತು.

ಯುರೋಪಿನಲ್ಲಿ ಬಟ್ಟೆಯೇ ಮುಖ್ಯವಾದದ್ದು ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ. 19ನೇ ಶತಮಾನದ ಮಧ್ಯಭಾಗದಲ್ಲಿ ಅಲ್ಲಿನ ಜಮೀನ್ದಾರರು ಕೆಂಜಿಂಕೆ ಬೇಟೆಗೆಂದು ತಮ್ಮ ತಮ್ಮ ಎಸ್ಟೇಟಿನ ನೆಲದ ಬಣ್ಣಕ್ಕೆ ಹೊಂದುವ ಟ್ವೀಡ್ ನೇಯಿಸಿದರು. ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ಬಾಲ್ಮೊರಲ್‌ಗಾಗಿ ರೂಪಿಸಿದ ಬೂದುಬಣ್ಣದ ಬಟ್ಟೆ ಅಬರ್ಡೀನ್ ಸೀಮೆಯ ಗ್ರಾನೈಟ್ ಕಲ್ಲಿನ ನೆರಳನ್ನು ಹೋಲುತ್ತದೆ. ಹತ್ತಾರು ಬಣ್ಣದ ಉಣ್ಣೆನೂಲು ಕಲೆತು ದೂರಕ್ಕೆ ಒಂದೇ ಮಂಕು ಛಾಯೆಯಾಗಿ ಕಾಣುವ ಈ ಟ್ವೀಡ್‌ನಲ್ಲಿ ಚಿತ್ರವೇ ಇಲ್ಲ, ಹೊಳಪೂ ಇಲ್ಲ. ಉಣ್ಣೆಯಾದ್ದರಿಂದ ನಡೆಯುವಾಗ ಸರಸರ ಸದ್ದೂ ಬರುವುದಿಲ್ಲ. ಆ ಬೆಟ್ಟಗಳ ಬೇಟೆ ಕೆಲಸದವರನ್ನು ಸೇರಿಸಿ ಲಾರ್ಡ್ ಲೋವಟ್ 1900ರಲ್ಲಿ ಬೋಯರ್ ಯುದ್ಧಕ್ಕೆ ಒಂದು ದಳ ಕಟ್ಟಿದ. ಚಿಂದಿ, ನಾರು, ಹುಲ್ಲು ಜೋಲುಬಿದ್ದಿರುವ ಗಿಲಿ ಉಡುಪು ಸೈನ್ಯಕ್ಕೆ ಹೋದದ್ದು ಈ ದಾರಿಯಲ್ಲೇ. ಮಣ್ಣಿನ ಬಣ್ಣದ ಖಾಕಿಯೂ ಅದೇ ಶತಮಾನದ್ದು. 1840ರ ದಶಕದಲ್ಲಿ ಪೇಶಾವರದ ಗೈಡ್ಸ್ ದಳಕ್ಕೆ ಹ್ಯಾರಿ ಲಮ್ಸ್‌ಡನ್ ಮಾಸಲು ಬಣ್ಣದ ಉಡುಪು ತೊಡಿಸಿದ. 1851ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ನೇಕಾರ ಜಾನ್ ಹಾಲರ್ ಬಲ್ಮಠದ ಕಾರ್ಖಾನೆಯಲ್ಲಿ ತೊಳೆದರೂ ಹೋಗದ ಖಾಕಿ ಬಣ್ಣ ಕಂಡುಹಿಡಿದ ಎಂಬ ಕೀರ್ತಿಯನ್ನು ಕರಾವಳಿಯವರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಟ್ವೀಡ್ ಆಗಲಿ ಖಾಕಿಯಾಗಲಿ, ನೆಲದ ಛಾಯೆಗೆ ಹೊಂದಿಕೊ, ಮಿಂಚಬೇಡ ಎಂಬ ಒಂದೇ ನಿಯಮದ ಮೇಲೆ ನಿಂತಿದ್ದವು.

ದಾರಿ ತಪ್ಪಿದ್ದು 20ನೇ ಶತಮಾನದಲ್ಲಿ, ಯುದ್ಧದ ಮೂಲಕ. ಅಮೆರಿಕದ ಚಿತ್ರಕಾರ ಆಬಟ್ ಥೇಯರ್ 1909ರ ಗ್ರಂಥದಲ್ಲಿ ಪ್ರಾಣಿಗಳ ಮೈಬಣ್ಣ ಅವುಗಳನ್ನು ಹೇಗೆ ಮರೆಮಾಡುತ್ತದೆ ಎಂದು ವಿವರಿಸಿದ. 1915ರಲ್ಲಿ ಫ್ರೆಂಚ್ ಸೈನ್ಯ ಚಿತ್ರಕಾರರದೇ ಒಂದು ಕ್ಯಾಮೊಫ್ಲಾಜ್ ವಿಭಾಗ ತೆರೆಯಿತು. 1929ರಲ್ಲಿ ಇಟಲಿ ಸೈನ್ಯದ ಗುಡಾರಗಳಿಗೆ ಅಚ್ಚಿನ ಕ್ಯಾಮೊಫ್ಲಾಜ್ ಬಟ್ಟೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಹೋರಾಡಿದ ಅಮೆರಿಕನ್ ಸೈನಿಕರು ತೊಟ್ಟ ಕಪ್ಪೆಚರ್ಮದಂಥ ಚುಕ್ಕಿಯ ಬಟ್ಟೆಯನ್ನು ರೂಪಿಸಿದವನು ತೋಟಗಾರಿಕೆಯ ಬರಹಗಾರ ನಾರ್ವೆಲ್ ಗಿಲೆಸ್ಪಿ. ಯುದ್ಧ ಮುಗಿದ ಮೇಲೆ ಈ ಬಟ್ಟೆ ಸೈನ್ಯದ ಹೆಚ್ಚುವರಿ ಮಾಲಾಗಿ ಅಗ್ಗದ ಬೆಲೆಗೆ ಪೇಟೆಗೆ ಬಂತು. ಬಾತುಕೋಳಿ ಬೇಟೆಯವರು ಅದನ್ನು ಎಷ್ಟು ಕೊಂಡರೆಂದರೆ ಆ ವಿನ್ಯಾಸಕ್ಕೆ ಅವರ ಹೆಸರೇ ಅಂಟಿಕೊಂಡಿತು. ವಿಯೆಟ್ನಾಂ ಯುದ್ಧದ ನಂತರವೂ ಇದೇ ಕತೆ. ಜಿಂಕೆ ಬೇಟೆಗಾರನಿಗೆ ಸಿಕ್ಕಿದ್ದು ಶತ್ರುಸೈನಿಕನ ಕಣ್ಣನ್ನು ಮೋಸಗೊಳಿಸಲು ಹೊಲಿದ ಬಟ್ಟೆ, ಅದನ್ನು ಪರೀಕ್ಷೆ ಮಾಡಿದ್ದೂ ಮನುಷ್ಯರೇ. ಅದು ಜಿಂಕೆಗೂ ಸಲ್ಲುತ್ತದೆಯೇ ಎಂದು ಯಾರೂ ಕೇಳಲಿಲ್ಲ. 1980ರ ಸುಮಾರಿಗೆ ವರ್ಜೀನಿಯಾದ ಜಿಮ್ ಕ್ರಮ್ಲಿ ಮರದ ತೊಗಟೆಯ ಗೆರೆಗಳಿರುವ ಟ್ರಿಬಾರ್ಕ್ ಬಟ್ಟೆಯನ್ನು ಬಿಲ್ಲುಬೇಟೆಯವರಿಗೆ ಮಾರತೊಡಗಿದ. 1986ರಲ್ಲಿ ಜಾರ್ಜಿಯಾದಲ್ಲಿ ಬಿಲ್ ಜೋರ್ಡನ್‌ನ ರಿಯಲ್‌ಟ್ರೀ, ಮಿಸಿಸಿಪ್ಪಿಯಲ್ಲಿ ಟಾಕ್ಸಿ ಹಾಸ್‌ನ ಮಾಸಿ ಓಕ್ ಹುಟ್ಟಿದವು. ಅಲ್ಲಿಂದ ಪೈಪೋಟಿ ನಡೆದದ್ದು ಎಲೆಯ ಚಿತ್ರ ಎಷ್ಟು ನಿಜದಂತಿದೆ ಎಂಬುದರ ಮೇಲೆ. ಅಂಗಡಿಯಲ್ಲಿ ಒಂದು ಮಾರು ದೂರದಲ್ಲಿ ತೂಗುಹಾಕಿದ ಅಂಗಿಯನ್ನು ನೋಡಿ ಮೆಚ್ಚುವ ಗಿರಾಕಿಗೆ ಅದು ಸರಿ. ಮೂವತ್ತು ಮಾರು ದೂರದಲ್ಲಿ ಆ ಸಣ್ಣ ಎಲೆ, ಕಡ್ಡಿಗಳೆಲ್ಲ ಕಲೆತು ಒಂದೇ ಕಪ್ಪು ಮೊತ್ತವಾಗುತ್ತವೆ, ಆ ಮೊತ್ತ ಮನುಷ್ಯನ ಆಕಾರದಲ್ಲೇ ಇರುತ್ತದೆ.

ಜಿಂಕೆಯ ಕಣ್ಣನ್ನು ನೇರವಾಗಿ ಕೇಳಿದ್ದು 1992ರಲ್ಲಿ. ಜಾರ್ಜಿಯಾ ವಿಶ್ವವಿದ್ಯಾಲಯದ ಲ್ಯಾರಿ ಮಾರ್ಚಿಂಟನ್ ಮತ್ತು ಕಾರ್ಲ್ ಮಿಲ್ಲರ್, ಕಣ್ಣಿನ ವಿಜ್ಞಾನಿಗಳಾದ ಜೆರಾಲ್ಡ್ ಜೇಕಬ್ಸ್ ಮತ್ತು ಜೇ ನೈಟ್ಸ್ ಸೇರಿ, ಅರಿವಳಿಕೆ ಕೊಟ್ಟ ಜಿಂಕೆಗಳ ಕಣ್ಣಿಗೆ ಬೇರೆ ಬೇರೆ ತರಂಗಾಂತರದ ಬೆಳಕು ಬಿಟ್ಟು ಅಕ್ಷಿಪಟಲದ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆದರು. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ನಮಗೆ ಬಣ್ಣ ತೋರಿಸುವ ಶಂಕುಕೋಶಗಳು ಮೂರು ಬಗೆ, ಜಿಂಕೆಗೆ ಎರಡೇ ಬಗೆ. ಒಂದು ನೀಲಿಯ ಹತ್ತಿರ, 450ರಿಂದ 460 ನ್ಯಾನೊಮೀಟರ್ ಆಸುಪಾಸಿನಲ್ಲಿ ಚುರುಕು. ಇನ್ನೊಂದು, ಬಿಳಿಬಾಲದ ಜಿಂಕೆಯಲ್ಲಿ, ಹಸಿರಿನ 537 ನ್ಯಾನೊಮೀಟರಿನ ಹತ್ತಿರ. ಕೆಂಪನ್ನು ಹಸಿರಿನಿಂದ ಬೇರ್ಪಡಿಸುವ ಮೂರನೆಯ ಬಗೆ ಅದಕ್ಕಿಲ್ಲ. ಇದರ ಜೊತೆಗೆ ನಮ್ಮ ಕಣ್ಣಿನ ಮಸೂರ ತಡೆದು ಬಿಡುವ ನೇರಳಾತೀತ ಬೆಳಕಿನಲ್ಲಿ ಒಂದು ಪಾಲು ಜಿಂಕೆಯ ಕಣ್ಣಿನೊಳಕ್ಕೆ ಹೋಗುತ್ತದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಉಳಿಯುವುದು ಹೆಚ್ಚಾಗಿ ನೀಲಿ ಬೆಳಕು. ಜಿಂಕೆ ಓಡಾಡುವ ಹೊತ್ತೂ ಅದೇ. ಸಣ್ಣ ವಿವರ ಗುರುತಿಸುವಲ್ಲಿ ಅದರ ನೋಟ ನಮಗಿಂತ ಬಹಳ ಮಂದ, ಆದರೆ ತಲೆಯ ಎರಡೂ ಬದಿಯ ಕಣ್ಣುಗಳಿಂದ ಸುಮಾರು 300 ಡಿಗ್ರಿ ಸುತ್ತಳತೆಯನ್ನು ಒಮ್ಮೆಗೇ ಕಾಯುತ್ತದೆ. ಅಲ್ಲಾಡಿದ್ದು ಯಾವುದಿದ್ದರೂ ಅದರ ಗಮನಕ್ಕೆ ಬೀಳುತ್ತದೆ. ಇಂಥ ಕಣ್ಣಿನ ಮುಂದೆ ಎಲೆಯ ನರನರವನ್ನೂ ಬಿಡಿಸಿದ ಅಂಗಿ ವ್ಯರ್ಥ ಶ್ರಮ, ನೀಲಿ ಜೀನ್ಸ್ ಪ್ಯಾಂಟು ದೊಡ್ಡ ತಪ್ಪು. ಬಟ್ಟೆ ಬೆಳ್ಳಗಾಗಲೆಂದು ಸಾಬೂನು ಪುಡಿಗೆ ಸೇರಿಸುವ ರಾಸಾಯನಿಕಗಳದ್ದೂ ಇದೇ ಪಾಡು. ಅವು ನೇರಳಾತೀತವನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುತ್ತವೆ, ಅಂದರೆ ಜಿಂಕೆಯ ಕಣ್ಣು ಅತ್ಯಂತ ಚುರುಕಾಗಿರುವ ಕಡೆಗೇ. ದುಬಾರಿ ಕ್ಯಾಮೊಫ್ಲಾಜ್ ಅಂಗಿಯನ್ನು ಅಂಥ ಪುಡಿಯಲ್ಲಿ ಒಗೆದರೆ ಕೊಟ್ಟ ಹಣದ ಬಹುಪಾಲು ನೀರಲ್ಲಿ ಹೋದಂತೆ.

ಈಗ ಕಿತ್ತಳೆ ಬಣ್ಣಕ್ಕೆ ಬರೋಣ. ಕೆಂಪು ಚೌಕಳಿಯ ಉಣ್ಣೆ ಕೋಟು ಅಮೆರಿಕನ್ ಬೇಟೆಗಾರನ ಹಳೆಯ ಗುರುತು. ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗದಿರಲೆಂದೇ ಕೆಂಪನ್ನು ಕಾನೂನೂ ಮೆಚ್ಚಿತು. ಆದರೆ ಮಂದ ಬೆಳಕಿನಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ. ಮೇಲಾಗಿ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು-ಹಸಿರು ಸರಿಯಾಗಿ ತಿಳಿಯುವುದಿಲ್ಲ. 1930ರ ದಶಕದಲ್ಲಿ ಸ್ವಿಟ್ಜರ್ ಸಹೋದರರು ಹಗಲಲ್ಲೂ ಹೊಳೆಯುವ ಬಣ್ಣಗಳನ್ನು ರೂಪಿಸಿದ ಮೇಲೆ ಬೇರೊಂದು ದಾರಿ ತೆರೆಯಿತು. ಮೆಸಾಚುಸೆಟ್ಸ್‌ನ ಫೋರ್ಟ್ ಡೆವೆನ್ಸ್ ಸೇನಾ ನೆಲೆಯಲ್ಲಿ 1960ರ ಆಸುಪಾಸಿನಲ್ಲಿ ನಡೆದ ಪರೀಕ್ಷೆಗಳಲ್ಲಿ ಹೊಳೆಯುವ ಕಿತ್ತಳೆಯೇ ಎಲ್ಲಕ್ಕಿಂತ ಚೆನ್ನಾಗಿ ಕಂಡಿತು. ರಾಜ್ಯಗಳು ಒಂದೊಂದಾಗಿ ಅದನ್ನು ಒಪ್ಪಿಕೊಂಡವು. ಪೆನ್ಸಿಲ್ವೇನಿಯಾದಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲ, ಜಾರ್ಜಿಯಾದಲ್ಲಿ 500 ಚದರ ಅಂಗುಲ ಕಿತ್ತಳೆ ಇರಬೇಕು. ಈ ಕಿತ್ತಳೆಯ ತರಂಗಾಂತರ ಸುಮಾರು 595ರಿಂದ 605 ನ್ಯಾನೊಮೀಟರ್. ಜಿಂಕೆಯ ಎರಡನೆಯ ಬಗೆಯ ಕೋಶ ಅಷ್ಟು ದೂರದಲ್ಲಿ ಬಹಳ ಮಂದ. ನಮಗೆ ಬೆಂಕಿಯಂತೆ ಉರಿಯುವ ಬಣ್ಣ ಜಿಂಕೆಗೆ ಸುತ್ತಲಿನ ಹಸಿರು, ಒಣಹುಲ್ಲುಗಳ ಸಾಲಿಗೇ ಸೇರುವ ಒಂದು ಛಾಯೆ. ಕಾಡಿನಲ್ಲಿ ಮನುಷ್ಯನಿಗೆ ಕಾಣಿಸಬೇಕು, ಜಿಂಕೆಗೆ ಕಾಣಿಸಬಾರದು ಎಂದು ಒಬ್ಬ ವಿಜ್ಞಾನಿ ಲೆಕ್ಕಹಾಕಿ ಬಣ್ಣ ಆರಿಸಿದ್ದರೂ ಇದಕ್ಕಿಂತ ಉತ್ತಮವಾದದ್ದು ಸಿಗುವುದು ಕಷ್ಟವಿತ್ತು.

ಇದಕ್ಕೆ ಬರುವ ಮುಖ್ಯ ಆಕ್ಷೇಪ ಹಗುರವಾದದ್ದಲ್ಲ. ಬಣ್ಣ ತಿಳಿಯದಿದ್ದರೂ ಬೆಳಕಿನ ಹೆಚ್ಚುಕಡಿಮೆ ತಿಳಿಯುತ್ತದಲ್ಲ, ಅಷ್ಟಗಲದ ಒಂದೇ ಬಣ್ಣದ ಹಾಳೆ ನೆರಳಿನ ಕಾಡಿನಲ್ಲಿ ತಿಳಿಬಣ್ಣದ ಮೊತ್ತವಾಗಿ ಎದ್ದು ಕಾಣದೇ ಎಂದು ಬಿಲ್ಲುಬೇಟೆಯವರು ಕೇಳುತ್ತಾರೆ. ಕಾಣಬಹುದು. ಕಡುಹಸಿರಿನ ದೇವದಾರು ತೋಪಿನ ಮುಂದೆ ಕಿತ್ತಳೆ ಬೇರೆಯಾಗಿಯೇ ನಿಲ್ಲುತ್ತದೆ. ಆದರೆ ಅದು ಬಣ್ಣದ ದೋಷವಲ್ಲ, ಮುರಿಯದ ಆಕಾರದ ದೋಷ. ಅದೇ ಜಾಗದಲ್ಲಿ ತೆಳುಹಸಿರು ಅಂಗಿ ತೊಟ್ಟವನೂ ಅಷ್ಟೇ ಎದ್ದು ಕಾಣುತ್ತಾನೆ. ಹಿಂದೆ ಮರದ ಬೊಡ್ಡೆ ಇಟ್ಟುಕೊಂಡು ಕೂತರೆ, ಅಥವಾ ಕಾನೂನು ಒಪ್ಪುವ ಕಡೆ ಕಪ್ಪು ಮಚ್ಚೆಗಳಿಂದ ಒಡೆದ ಕಿತ್ತಳೆ ತೊಟ್ಟರೆ ಆ ದೋಷ ಬಹುಮಟ್ಟಿಗೆ ತೀರುತ್ತದೆ. ಕ್ಯಾಮೊಫ್ಲಾಜ್ ಬಟ್ಟೆಯೇ ನಿಷ್ಪ್ರಯೋಜಕ ಎನ್ನುವವರ ಜೊತೆಗೂ ನನ್ನ ಸಮ್ಮತಿಯಿಲ್ಲ. ಬಿಲ್ಲು ಹಿಡಿದವನು ಇಪ್ಪತ್ತು ಮೂವತ್ತು ಗಜದೊಳಗೆ ಬರಬೇಕು, ಅಲ್ಲಿ ಹೆಗಲಿನ ಗೆರೆ ಮುರಿಯುವುದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಅದನ್ನು ಮುರಿಯುವುದು ದೊಡ್ಡ ಮಚ್ಚೆ, ಕಪ್ಪು ಬಿಳುಪಿನ ದೊಡ್ಡ ಅಂತರ. 2000ದ ದಶಕದ ಕೊನೆಯಲ್ಲಿ ಅದೇ ಜೇ ನೈಟ್ಸ್ ಮತ್ತು ಸೇನಾ ಕ್ಯಾಮೊಫ್ಲಾಜ್ ತಜ್ಞ ತಿಮೊಥಿ ಓನೀಲ್ ಅವರ ನೆರವಿನಿಂದ ಗೋರ್ ಕಂಪನಿ ತಂದ ಆಪ್ಟಿಫೇಡ್ ಬಟ್ಟೆಯಲ್ಲಿ ಎಲೆಯ ಚಿತ್ರವನ್ನೇ ಕೈಬಿಟ್ಟರು. ದೂರಕ್ಕೆ ಆಕಾರ ಒಡೆಯುವ ದೊಡ್ಡ ಮಚ್ಚೆ, ಹತ್ತಿರಕ್ಕೆ ಹಿನ್ನೆಲೆಯಲ್ಲಿ ಬೆರೆಯುವ ಸಣ್ಣ ಚೌಕ, ಎರಡೂ ಜಿಂಕೆಯ ನೋಟದ ಲೆಕ್ಕದಲ್ಲಿ. ತೊಗಟೆಯ ಚಿತ್ರದ ಅಂಗಿ ತೊಟ್ಟು ಜೀವನವಿಡೀ ಬೇಟೆ ಹೊಡೆದವರು ಬೇಕಾದಷ್ಟು ಮಂದಿ ಇದ್ದಾರಲ್ಲ ಎಂಬ ಮಾತಿಗೂ ಉತ್ತರ ಸುಲಭ. ಅವರ ಅಜ್ಜಂದಿರು ಕೆಂಪು ಚೌಕಳಿ ತೊಟ್ಟೇ ಅಷ್ಟು ಹೊಡೆದಿದ್ದರು. ಅಲುಗಾಡದೆ ಕೂರುವುದು, ಗಾಳಿಯ ದಿಕ್ಕು ನೋಡಿ ಜಾಗ ಹಿಡಿಯುವುದು ಅವರಿಬ್ಬರಿಗೂ ಸಮಾನವಾಗಿ ಗೊತ್ತಿತ್ತು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಇಂದು ಅಪರಾಧ, ಅದು ಹಾಗೆಯೇ ಇರಬೇಕು. ಅಮೆರಿಕದಲ್ಲಿ ಬೇಟೆ ಕಾನೂನುಬದ್ಧ, ಪ್ರತಿವರ್ಷ ಲಕ್ಷಾಂತರ ಜನ ಬಂದೂಕು ಹಿಡಿದು ಒಂದೇ ಕಾಡಿಗೆ ಇಳಿಯುತ್ತಾರೆ. ಅವರಲ್ಲಿ ಅಲ್ಲಿ ನೆಲೆಸಿದ ಕನ್ನಡಿಗರೂ ಇರಬಹುದು. ಕಿತ್ತಳೆ ಅಥವಾ ಗುಲಾಬಿ ಬಣ್ಣವನ್ನು ನ್ಯೂಯಾರ್ಕ್ ರಾಜ್ಯ ಕಡ್ಡಾಯ ಮಾಡಿದ್ದು 2021ರಲ್ಲಷ್ಟೇ, ಕೆಲವು ರಾಜ್ಯಗಳು ಇನ್ನೂ ಮಾಡಿಲ್ಲ. ಕಿತ್ತಳೆ ತೊಟ್ಟರೆ ಜಿಂಕೆ ಓಡಿಹೋಗುತ್ತದೆ ಎಂಬ ನೆಪ 1994ರ ನಂತರ ನಿಲ್ಲುವುದಿಲ್ಲ. ಬಂದೂಕಿನ ಬೇಟೆ ನಡೆಯುವ ಎಲ್ಲ ರಾಜ್ಯಗಳೂ ಅದನ್ನು ಕಡ್ಡಾಯ ಮಾಡಬೇಕು. ಕಾನೂನು ಬರುವವರೆಗೆ ಅಲ್ಲಿಯ ಬೇಟೆಗಾರರು ತಾವಾಗಿಯೇ ತೊಡಬೇಕು.