ಪದ್ಮಿನಿಯ ಕೊನೆಯ ಸವಾರಿ

2023ರ ಅಕ್ಟೋಬರ್ 30ರಿಂದ ಮುಂಬೈ ರಸ್ತೆಗಳಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಓಡುತ್ತಿಲ್ಲ. ನಗರದ ಕೊನೆಯ ಪದ್ಮಿನಿ ಟ್ಯಾಕ್ಸಿ ತಾರದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಮುಂಬೈನಲ್ಲಿ ಟ್ಯಾಕ್ಸಿಯ ಆಯುಷ್ಯ 20 ವರ್ಷ. ಲೆಕ್ಕ ಮುಗಿಯಿತು. ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದ ಬರಹಗಳು ಹೆಚ್ಚುಕಡಿಮೆ ಶ್ರದ್ಧಾಂಜಲಿಯ ಧಾಟಿಯಲ್ಲೇ ಇದ್ದವು. ಒಂದು ಯಂತ್ರವನ್ನು ಬೀಳ್ಕೊಡುವಾಗ ಮನಸ್ಸು ಇಷ್ಟು ಭಾರವಾಗುವುದು ಏಕೆ? ಈ ಪ್ರಶ್ನೆಗೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕಬೇಕು.

ಕಾರಿನ ಮೂಲ ಇಟಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಮುಂಬೈನ ಕುರ್ಲಾದಲ್ಲಿ ಫಿಯೆಟ್ 1100 ಕಾರನ್ನು ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದೇ ಕಾರು ಮೊದಲು ‘ಪ್ರೆಸಿಡೆಂಟ್’ ಆಯಿತು, ಆಮೇಲೆ ಚಿತ್ತೋರಿನ ರಾಣಿಯ ಹೆಸರು ಹೊತ್ತು ‘ಪದ್ಮಿನಿ’ಯಾಯಿತು. ಜನ ಮಾತ್ರ ಕೊನೆಯವರೆಗೂ ಫಿಯೆಟ್ ಎಂದೇ ಕರೆದರು. 1089 ಸಿಸಿಯ ಎಂಜಿನ್, ಸ್ಟೇರಿಂಗ್‌ ಪಕ್ಕದಲ್ಲೇ ಗೇರು, ಮುಂದೆ ಬೆಂಚಿನಂಥ ಸೀಟು. ಇಟಲಿಯಲ್ಲಿ 1960ರ ದಶಕದಲ್ಲೇ ನಿಂತುಹೋದ ಈ ಮಾದರಿ ಇಲ್ಲಿ ಆ ಶತಮಾನದ ಕೊನೆಯವರೆಗೂ ತಯಾರಾಗುತ್ತಲೇ ಇತ್ತು.

ಅಷ್ಟು ಕಾಲ ಅದು ಉಳಿದದ್ದಕ್ಕೆ ಕಾರಣ ನಮ್ಮ ಲೈಸೆನ್ಸ್ ರಾಜ್. ಯಾವ ಕಾರ್ಖಾನೆ ಏನನ್ನು, ಎಷ್ಟು ತಯಾರಿಸಬೇಕು ಎಂಬುದಕ್ಕೆ ಸರ್ಕಾರದ ಅನುಮತಿ ಬೇಕಿತ್ತು. 1969ರಲ್ಲಿ ಕಾರಿನ ಬೆಲೆಯನ್ನೂ ಸರ್ಕಾರವೇ ನಿಗದಿ ಮಾಡಿತು. ಆ ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೊಳ್ಳುವವರಿಗೆ ಇದ್ದದ್ದು ಮುಖ್ಯವಾಗಿ ಮೂರೇ ಆಯ್ಕೆ: ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದ ಕಾರನ್ನು ಯಾರೂ ಐದು ವರ್ಷಕ್ಕೆ ಬದಲಿಸುತ್ತಿರಲಿಲ್ಲ. ಬದಲಿಸಿ ಕೊಳ್ಳುವುದಾದರೂ ಏನನ್ನು? ಮತ್ತೆ ಅದೇ ಕಾರನ್ನು.

ಹಾಗಾಗಿ ಕಾರು ಮನೆಯಲ್ಲಿ ಒಂದು ತಲೆಮಾರು ಉಳಿಯಿತು. ಚಳಿಗಾಲದ ಬೆಳಗ್ಗೆ ಚೋಕ್ ಎಷ್ಟು ಎಳೆಯಬೇಕು, ಯಾವ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು ಎಂಬುದು ಮನೆಯವರಿಗೆ ಮಾತ್ರ ಗೊತ್ತಿರುತ್ತಿತ್ತು. ಬಾನೆಟ್ ಎತ್ತಿದರೆ ಎಂಜಿನ್ನಿನ ಒಂದೊಂದು ಭಾಗವೂ ಕಣ್ಣಿಗೆ ಕಾಣುತ್ತಿತ್ತು, ಬೀದಿ ಬದಿಯ ಮೆಕ್ಯಾನಿಕ್ಕೂ ರಿಪೇರಿ ಮಾಡಬಲ್ಲವನಾಗಿದ್ದ. ಬೆಂಗಳೂರಿನವರಾದರೆ ಬಿಡಿಭಾಗಕ್ಕೆ ಜೆ.ಸಿ. ರಸ್ತೆಗೆ ಹೋದರಾಯಿತು. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು, ಮುಂದೆ ಚೆಂಡುಹೂವಿನ ಹಾರ. ಈ ಒಡನಾಟವನ್ನೇ ನಾವು ಪ್ರೀತಿ ಎನ್ನುತ್ತೇವೆ. ಅದರ ಬೇರು ಕೊರತೆಯಲ್ಲಿತ್ತು ಎಂದ ಮಾತ್ರಕ್ಕೆ ಪ್ರೀತಿ ಸುಳ್ಳಾಗುವುದಿಲ್ಲ. ಆದರೆ ಆ ಕಾಲದಲ್ಲಿ ಸ್ವಂತ ಕಾರಿದ್ದವರು ಬೆರಳೆಣಿಕೆಯಷ್ಟು ಎಂಬುದನ್ನೂ ಮರೆಯಬಾರದು. ಮುಂಬೈನ ಬಹುಪಾಲು ಜನರ ಪಾಲಿಗೆ ಪದ್ಮಿನಿ ಎಂದರೆ ಕಪ್ಪು-ಹಳದಿಯ ಬಾಡಿಗೆ ಗಾಡಿ.

ಇಲ್ಲಿಯೇ ವಿದಾಯದ ಚರಿತ್ರೆ ಎರಡಾಗಿ ಒಡೆಯುತ್ತದೆ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಅವರ ಕೈಯಿಂದ ಮೊದಲ ಮಾರುತಿ 800ರ ಕೀ ಪಡೆದವರು ದೆಹಲಿಯ ಹರ್ಪಾಲ್ ಸಿಂಗ್. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕಾರನ್ನು ಬಿಡಲಿಲ್ಲ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿಯಿದ್ದರೂ, ಗಾಡಿ ಸುಸ್ಥಿತಿಯಲ್ಲಿದ್ದರೆ ಐದೈದು ವರ್ಷಕ್ಕೆ ನವೀಕರಿಸಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ. ಯಾವಾಗ ಬೀಳ್ಕೊಡಬೇಕು ಎಂಬುದನ್ನು ಬಹುಮಟ್ಟಿಗೆ ಮಾಲೀಕನೇ ತೀರ್ಮಾನಿಸಬಹುದಿತ್ತು.

ಮುಂಬೈನ ಟ್ಯಾಕ್ಸಿಯವರಿಗೆ ಆ ಸ್ವಾತಂತ್ರ್ಯ ಇರಲಿಲ್ಲ. 2008ರಲ್ಲಿ ಟ್ಯಾಕ್ಸಿಗೆ 25 ವರ್ಷದ ಮಿತಿ ಬಂತು, 2013ರಲ್ಲಿ ಅದು 20ಕ್ಕೆ ಇಳಿಯಿತು. ಹೊಗೆ, ಸುರಕ್ಷತೆ, ಸಿಗದ ಬಿಡಿಭಾಗ: ಕಾರಣಗಳು ನಿಜವಾದವೇ. ಆದರೂ ಮನೆಯವರು ಹಳೆಯ ಕಾರನ್ನು ಮಾರಿ ನಿಟ್ಟುಸಿರು ಬಿಟ್ಟರೆ, ಟ್ಯಾಕ್ಸಿಯವನು ಅನ್ನ ಕೊಟ್ಟ ಗಾಡಿಯನ್ನು ಗುಜರಿಗೆ ಹಾಕಿ ಹೊಸ ಗಾಡಿಯ ಸಾಲದ ಕಂತಿಗೆ ಸಹಿ ಹಾಕಬೇಕಿತ್ತು. ಅವನ ದುಃಖದಲ್ಲಿ ನೆನಪಿನ ಜೊತೆಗೆ ಬಡ್ಡಿಯೂ ಸೇರಿತ್ತು. ಪತ್ರಿಕೆಗಳ ಶ್ರದ್ಧಾಂಜಲಿಗಳಲ್ಲಿ ಪ್ರಯಾಣಿಕರ ನೆನಪೇ ಹೆಚ್ಚು. ಈ ಬಡ್ಡಿಯ ಮಾತು ಕಡಿಮೆ.

ಕೊನೆಗೆ ಒಂದು ಪದ್ಮಿನಿಯನ್ನಾದರೂ ವಸ್ತುಸಂಗ್ರಹಾಲಯದಲ್ಲಿ ಉಳಿಸಿ ಎಂದು ಟ್ಯಾಕ್ಸಿ ಚಾಲಕರ ಸಂಘ ಕೇಳಿಕೊಂಡಿತು. ನ್ಯಾಯವಾದ ಬೇಡಿಕೆಯೇ. ಆದರೆ ಗಾಜಿನಾಚೆ ಕಾರು ನಿಲ್ಲಬಹುದು, ಅದನ್ನು ಓಡಿಸಿದವನ ಬದುಕು ನಿಲ್ಲುವುದಿಲ್ಲ. ಚರಿತ್ರೆಯ ವಿದ್ಯಾರ್ಥಿಗಳಿಗೆ ಬೆಲೆ ನಿಯಂತ್ರಣದ ಆದೇಶ ಸಿಗುತ್ತದೆ, ಕೋರ್ಟಿನ ತೀರ್ಪು ಸಿಗುತ್ತದೆ, ಕಂಪನಿಯ ವರದಿಯೂ ಸಿಗುತ್ತದೆ. ಕಾರಿನ ಜೊತೆ ಬದುಕಿದವರ ದಾಖಲೆ ಸಿಗುವುದು ಕಷ್ಟ, ಏಕೆಂದರೆ ಕಾರು ಮಾರಿದ ದಿನ ಆರ್‌ಸಿ ಪುಸ್ತಕವೂ ಕಾರಿನೊಡನೆ ಹೋಗಿಬಿಡುತ್ತದೆ. ಮನೆಯಲ್ಲಿ ಉಳಿಯುವುದು ಆಯುಧಪೂಜೆಯ ಒಂದು ಫೋಟೊ. ಅದರಲ್ಲಿ ಹಾರ ಹಾಕಿಕೊಂಡು ನಿಂತ ಕಾರಿನ ಕಥೆ ಬಲ್ಲವರು ಮನೆಯಲ್ಲಿ ಇನ್ನೂ ಇದ್ದರೆ, ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡಿ.